ಬಣ್ಣ ತುಂಬುವ ಡಾಕ್ಟರು

“ಅಕ್ಕಾ, ನಿನ್ನ ಅರುಣ ಡಾಕ್ಟರೇ ಅಲ್ಲಂತ! ಅಪ್ಪ ಯಾರಿಗೂ ಹೇಳದ ಬೆಳಗಾವಿಗೆ ಹೋಗಿ ನೋಡ್ಕೊಂಡ ಬಂದಾನ! ಈ ಸಂಬಂಧ ಬ್ಯಾಡ ಅನ್ನಾಕತ್ತಾನ!”

ತಂಗಿ ನಂದಾ ಒಂದೇ ಉಸಿರಿಗೆ ಒದರಿದಳು. ಶೀತಲ್ ತಟ್ಟುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು.

ಹೆಣ್ಣು ಕೊಡುವ ಮೊದಲು ಹುಡುಗನ ಕೆಲಸ ಕಣ್ಣಾರೆ ನೋಡಬೇಕೆಂಬುದು ಬನಹಟ್ಟಿಯಲ್ಲಿ ಮಗ್ಗ ನಡೆಸುವ ಅಪ್ಪ ಗೂಳಪ್ಪನ ಹಟ. ಬೆಳಗಾವಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅವನು ಕಂಡದ್ದು, ಕಂಪ್ಯೂಟರ್ ಮುಂದೆ ಕೂತು ಯಾರದೋ ಎದೆಯ ಸ್ಕ್ಯಾನ್ ಚಿತ್ರಕ್ಕೆ ಹಸಿರು, ಕೆಂಪು ಬಣ್ಣ ತುಂಬುತ್ತಿದ್ದ ಜಮಖಂಡಿಯ ಅರುಣನನ್ನು!

ಶೀತಲ್ ಹಿತ್ತಲಿಗೆ ಓಡಿ ಫೋನ್ ಹಚ್ಚಿದಳು.

“ಅಪ್ಪ ಬಂದಿದ್ದ ಅಂತ ಯಾಕ ಹೇಳಲಿಲ್ಲ?”

“ಅವರು ನಿಮ್ಮಪ್ಪ ಅಂತ ನನಗೇನ್ ಗೊತ್ತು? ಪೇಶಂಟ್ ಕಡೆಯವ್ರು ಅನ್ಕೊಂಡೆ. ‘ಕ್ಯಾನ್ಸರಿಗೆ ಕರೆಂಟ್ ನೀವ ಕೊಡ್ತೀರೇನು’ ಅಂದ್ರು. ಇಲ್ರೀ, ರೇಡಿಯೇಶನ್ ಟೆಕ್ನಿಷಿಯನ್ ಕೊಡ್ತಾರ ಅಂದೆ.”

“ಅಯ್ಯ ಶಿವನ! ಆಮ್ಯಾಲೆ?”

“ಕರೆಂಟಿನ ಲೆಕ್ಕ ಯಾರ ಹಾಕತಾರ ಅಂದ್ರು. ಫಿಜಿಸಿಸ್ಟ್ ಅಂದೆ.”

“ಮತ್ತ ಎರಡ ಲಕ್ಷ ಪಗಾರ ನಿಮಗ್ಯಾಕ ಅಂತ ಕೇಳಿರಬೇಕು!”

“ಕೇಳಿದ್ರು. ನಕ್ಕೆ.”

“ನಕ್ಕಿ? ಅರುಣಾ, ನಿನಗ ನಾ ಏನ್ ಮಾಡ್ಲಿ?”

ಅವನು ಈಗಲೂ ನಕ್ಕ. ಆ ನಗು ಕೇಳಿದರೆ ಅವಳ ಸಿಟ್ಟು ಅರ್ಧಕ್ಕೇ ಕರಗುತ್ತಿತ್ತು. ಅದಕ್ಕಾಗಿಯೇ ಇನ್ನಷ್ಟು ಸಿಟ್ಟು.

“ಖರೆ ಹೇಳು, ಏನ್ ಮಾಡ್ತಿ ನೀ?”

“ಗಂಟು ಎಲ್ಲೈತಿ, ಬಾಜೂಕ ಏನ್ ಸುಡಬಾರದು, ಚಿತ್ರದ ಮ್ಯಾಲ ಬಣ್ಣದ ಗೆರಿ ಎಳೀತೇನಿ. ಎಷ್ಟು ಕರೆಂಟ್ ಕೊಡಬೇಕು, ನಾನ ಹೇಳಬೇಕು.” ಅವನ ದನಿ ಮೆತ್ತಗಾಯಿತು. “ಗೆರಿ ತಪ್ಪಿದ್ರ ಛಲೋ ಇದ್ದದ್ದೂ ಸುಡತೈತಿ ಶೀತಲ್. ಉಣ್ಣಾಕ ಕುಂತ್ರೂ ಅದ ಕಣ್ಮುಂದ.”

ಅವಳು ಫೋನ್ ಇಟ್ಟಳು. ನೆಟ್ಟಗೆ ಅಪ್ಪನ ಮಗ್ಗದ ಶೆಡ್ಡಿಗೆ ನಡೆದಳು.

“ಅಪ್ಪಾ!” ಖಟಖಟ ಸದ್ದಿನ ಮೇಲೆ ಕೂಗಿದಳು. “ಸೀರಿ ದಡಿಗೆ ಡಿಜೈನ್ ತೆಗಿಯೋ ಮಲಕಾಜಪ್ಪ ಕಾಕಾ ಯಾವತ್ತರ ಮಗ್ಗ ನಡಿಸ್ಯಾನೇನು?”

“ಅಂವ ಯಾಕ ನಡಸ್ತಾನ?”

“ಹಂಗಾರ ಪಗಾರ ಯಾಕ ಕೊಡ್ತಿ?”

“ಅಂವ ತಪ್ಪಿದ್ರ ಸೀರಿ ಎಲ್ಲಾ ಕೆಡತಾವಲ್ಲ, ಹುಚ್ಚಿ!”

“ಅರುಣ ತಪ್ಪಿದ್ರ ಮನಷ್ಯಾ ಕೆಡತಾನಪ್ಪಾ.”

ಗೂಳಪ್ಪ ಸ್ವಿಚ್ ಆರಿಸಿದ. ಮಗಳ ಮುಖ ನೋಡಿದ.

“ಇಷ್ಟ ಹೇಳಾಕ ಆ ಹುಡುಗಗ ಏನ್ ಧಾಡಿ ಆಗಿತ್ತು? ಹಲ್ಲ ಕಿಸ್ದು ಕಳಿಸ್ಯಾನ!” ಎಂದು ಗೊಣಗಿದ. “ನಾಳಿ ಮನಿಗೆ ಬರಾಕ ಹೇಳು. ಈ ಸಲ ಬಾಯಿ ತಗದು ಮಾತಾಡ್ಲಿ.”

ಮತ್ತೆ ಹಿತ್ತಲು, ಮತ್ತೆ ಫೋನು.

“ನಾಳಿ ಹತ್ತಕ್ಕ ಬನಹಟ್ಟಿ ಬಸ್ ಸ್ಟ್ಯಾಂಡಿಗೆ ಬಾ. ನಾನ ನಿಂತಿರ್ತೇನಿ.”

“ನನ್ನ ನೋಡಾಕ ಅಷ್ಟ ಗಡಿಬಿಡಿ?”

“ಏನಿಲ್ಲ! ಒಬ್ಬನ ಮನಿಗೆ ಹೋಗಿ ಮತ್ತೇನರ ಕೆಡಸ್ತಿ ಅಂತ.” ಆಮೇಲೆ ದನಿ ತಗ್ಗಿಸಿದಳು. “ಹೂಂ. ನೋಡಾಕೂ. ಹತ್ತಕ್ಕ ಅಂದ್ರ ಹತ್ತಕ್ಕ, ಲೇ.”