ಕೂಗದ ಹೆಡ್‌ಫೋನ್

"ಏನಾದ್ರೂ ಕೇಳಿಸ್ತಾ ಯಜಮಾನ್ರೇ?" ಪಿ.ಟಿ. ಸರ್ ಮತ್ತೆ ಕೇಳಿದರು.

ಅಜ್ಜ ಸುಮ್ಮನಿರಿ ಎಂದು ಕೈಸನ್ನೆ ಮಾಡಿದ, ಅಷ್ಟೆ. ಅವನ ಮೆಟಲ್ ಡಿಟೆಕ್ಟರ್ ಲಾಂಗ್ ಜಂಪ್ ಗುಂಡಿಯ ಮರಳಿನ ಮೇಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಉದ್ದನೆಯ ಕೋಲು, ಅದರ ತುದಿಗೆ ತಟ್ಟೆಯಂಥ ಒಂದು ಚಕ್ರ. ಮರಳಿನೊಳಗೆ ಲೋಹ ಇದ್ದರೆ ಅಜ್ಜನ ಹೆಡ್‌ಫೋನಿನಲ್ಲಿ 'ಗುಂಯ್' ಅನ್ನುತ್ತದೆ. ಕೋಲಿಗೇ ಒಂದು ಸ್ಪೀಕರ್ ಇತ್ತು, ಅದು ಯಾವತ್ತೋ ಕೆಟ್ಟು ಕೂತಿತ್ತು. ಈಗ ಏನು ಕೇಳಿದರೂ ಆ ವೈರಿಲ್ಲದ ಹೆಡ್‌ಫೋನಿನಲ್ಲಿ, ಅಜ್ಜನ ಕಿವಿಗೆ ಮಾತ್ರ.

ಬಿಸಿಲು ನೆತ್ತಿ ಸುಡುತ್ತಿತ್ತು. ಗುಂಡಿಯ ಸುತ್ತ ಐದನೇ ಕ್ಲಾಸು ಪೂರ್ತಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಕಡ್ಡಿ. ಬೆಂಕಿಕಡ್ಡಿಯ ಹಾಗೆ ತೆಳ್ಳಗಿದ್ದಾಳೆಂದು ಯಾರೋ ಇಟ್ಟ ಹೆಸರು. ಈಗ ಟೀಚರ್‌ಗಳೂ ಹಾಗೇ ಕರೆಯುತ್ತಾರೆ.

ನಿನ್ನೆ ಗುಂಡಿಯ ಮರಳು ಕೆದಕಿ ಸಮ ಮಾಡುವಾಗ ಪಿ.ಟಿ. ಸರ್ ಬೆರಳಿನಿಂದ ಮದುವೆಯ ಉಂಗುರ ಜಾರಿತ್ತು. ಸೋಮವಾರ ಲಾರಿ ಬಂದು ಹಳೇ ಮರಳನ್ನೆಲ್ಲ ತುಂಬಿಕೊಂಡು ಹೋಗುತ್ತದೆ. ಸರ್ ಸಪ್ಪೆ ಮುಖ ನೋಡಲಾರದೆ ಕಡ್ಡಿಯೇ ಎದ್ದು ನಿಂತು, "ನಮ್ಮಜ್ಜನ್ನ ಕರ್ಕೊಂಡು ಬರ್ತೀನಿ ಸರ್. ಅವನಿಗೆ ಐದು ನಿಮಿಷದ ಕೆಲಸ" ಅಂದಿದ್ದಳು.

ಆ ಐದು ನಿಮಿಷ ಮುಗಿದು ಬಹಳ ಹೊತ್ತಾಗಿತ್ತು.

ಅಜ್ಜ ನಿಂತ. ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಮರಳಿನ ಮೇಲೆ ಹಾಕಿದ. ಅದರ ಮೇಲೆ ಕೋಲು ಆಡಿಸಿದ. ಮತ್ತೊಮ್ಮೆ ಆಡಿಸಿದ. ಹುಬ್ಬು ಗಂಟಿಕ್ಕಿತು.

"ಕಡ್ಡಿ, ಬಾ ಇಲ್ಲಿ. ಹೆಡ್‌ಫೋನಿನ ಲೈಟ್ ಉರೀತಿದ್ಯಾ ನೋಡೇ. ಈ ಬಿಸಿಲಲ್ಲಿ ನನ್ನ ಕಣ್ಣಿಗೆ ಕಾಣಲ್ಲ."

ಅಜ್ಜ ಬಗ್ಗಿದ. ಹೆಡ್‌ಫೋನಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಲೈಟು. ಅದು ಹಸಿರು ಉರಿಯಬೇಕು. ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಅದು ಯಾಕೆ ಉರಿಯುತ್ತಿಲ್ಲ ಎಂದು ಕಡ್ಡಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು.

"ಉರೀತಿದೆ ಅಜ್ಜ," ಅಂದಳು.

"ಸರಿಯಾಗಿ ನೋಡ್ದಾ?"

"ಹೂಂ. ಹಸಿರು."

ಅಜ್ಜ ನೆಟ್ಟಗೆ ನಿಂತ. ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಸಿಕೊಂಡ. ಅಂಗೈಯಿಂದ ಒಂದು ಕಿವಿ ತಟ್ಟಿಕೊಂಡ, ಇನ್ನೊಂದು ಕಿವಿ ತಟ್ಟಿಕೊಂಡ. ಬೀಗದ ಕೈ ಎತ್ತಿ ಮರಳು ಕೊಡವಿ ಜೇಬಿಗೆ ಹಾಕಿದ.

"ತಪ್ಪು ತಿಳ್ಕೋಬೇಡಿ ಸರ್. ನನ್ನಿಂದ ಆಗಲ್ಲ ಇದು," ಅಂದ.

ಮನೆಗೆ ಬರುವ ದಾರಿಯಲ್ಲಿ ಅಜ್ಜ, ಕೋಲನ್ನು ಹೆಗಲ ಮೇಲೆ ಇಟ್ಟುಕೊಳ್ಳುವವನು ಇವತ್ತು ಎಳೆದುಕೊಂಡು ಬಂದ. ಬಸ್ ಸ್ಟಾಪಿನ ನೆರಳು ಸಿಕ್ಕಿದ್ದೇ ಅಲ್ಲಿಯ ಬೆಂಚಿನ ಮೇಲೆ ಕುಸಿದು ಕೂತ.

"ಮುಗೀತು ಕಣೇ. ಕಿವಿ ಹೋಯ್ತು," ಅಂದ. "ತಗಡಿನ ಕಾರ್ಖಾನೆಯಲ್ಲಿ ಡ್ರಮ್ ಬಡಿದೂ ಬಡಿದೂ ಒಂದಲ್ಲ ಒಂದು ದಿನ ಹೋಗುತ್ತೆ ಅಂತ ಡಾಕ್ಟರು ಹೇಳೇ ಇದ್ರು. ಎಲ್ಲರೆದುರಿಗೆ ಇವತ್ತೇ ಹೋಗಬೇಕಿತ್ತಾ?"

"ನಾನು ಮಾತಾಡೋದು ಕೇಳಿಸ್ತಿದ್ಯಲ್ಲ ಅಜ್ಜ?"

"ನೀನು ಮಾತಾಡೋದು ಸತ್ತವರಿಗೂ ಕೇಳಿಸುತ್ತೆ. ನೆಲ ಮಾತಾಡೋದು ಕೇಳಿಸಬೇಕಲ್ಲ." ಅವನು ಹಣೆ ಒರೆಸಿಕೊಂಡ. "ನಾಳೆ ಗುಜರಿಯವನು ಬಂದ್ರೆ ಈ ಕೋಲು ಕೊಟ್ಟುಬಿಡ್ತೀನಿ. ಮೂಲೇಲಿ ನಿಂತು ನನ್ನನ್ನೇ ನೋಡ್ತಿದ್ರೆ ನಂಗೆ ಆಗಲ್ಲ."

ಕಡ್ಡಿಗೆ ಅಳು ಬಂತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಅವರದು ಒಂದೇ ಕೋಣೆಯ ಮನೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಮಧ್ಯಾಹ್ನದಿಂದ ಸಂಜೆಯ ತನಕ ಅವಳು ಸತ್ತ ಹಾಗೆ ಮಲಗುವ ಹೊತ್ತು. ಆಗ ತಟ್ಟೆ ಸದ್ದು ಮಾಡಬಾರದು, ಕುರ್ಚಿ ಎಳೆಯಬಾರದು, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಮೊನ್ನೆ ಸಂಜೆ ಕಡ್ಡಿಗೆ ಟ್ಯಾಬಿನಲ್ಲಿ ಕಾರ್ಟೂನ್ ನೋಡಬೇಕು ಅನ್ನಿಸಿತು. ಮೊಳೆಗೆ ನೇತುಹಾಕಿದ್ದ ಅಜ್ಜನ ಹೆಡ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡಳು. ಆಹಾ, ಎಷ್ಟು ಮೆತ್ತಗೆ! ನಿನ್ನೆ ಸಂಜೆಯೂ ಹಾಕಿಕೊಂಡಳು. ಕೊನೆಕೊನೆಗೆ 'ಕೀಂ, ಕೀಂ' ಎಂದು ದಾರದಷ್ಟು ಸಣ್ಣ ಸದ್ದೊಂದು ಕೇಳಿತು. ಕಾರ್ಟೂನಿನ ಇಲಿಯದಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಜ್ಜನ ಚಪ್ಪಲಿ ಸದ್ದಾಯಿತು. ಹೆಡ್‌ಫೋನ್ ತಕ್ಷಣ ಮೊಳೆಗೆ ಹೋಯಿತು. ಸ್ವಿಚ್ ಆಫ್ ಮಾಡುವುದು ನೆನಪೇ ಆಗಲಿಲ್ಲ.

ಅಜ್ಜನಿಗೆ ಹೆಡ್‌ಫೋನ್ ಚಾರ್ಜ್ ಮಾಡುವುದೆಂದರೆ ಒಂದು ವ್ರತದ ಹಾಗೆ. ಕೋಲು ಹಿಡಿದು ಹೋಗಿ ಬಂದ ಸಂಜೆ ಕೈಕಾಲು ತೊಳೆದ ಕೂಡಲೇ ಚಾರ್ಜಿಗೆ ಹಾಕುತ್ತಾನೆ, ಊಟಕ್ಕೆ ಕೂರುವ ಮುಂಚೆ ತೆಗೆಯುತ್ತಾನೆ. ರಾತ್ರಿಯಿಡೀ ಹಾಕಿಡುವ ಮಾತೇ ಇಲ್ಲ. "ಬ್ಯಾಟರಿ ಅಂದ್ರೆ ಮಗು ಇದ್ದ ಹಾಗೆ. ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಬಾರದು, ಪೂರ್ತಿ ಹಸಿವಲ್ಲೂ ಮಲಗಿಸಬಾರದು," ಅನ್ನುತ್ತಾನೆ. ಆಮೇಲೆ ಹೆಡ್‌ಫೋನ್ ಮಾರಿದ ಅಂಗಡಿಯವನಿಗೆ ಬೈಗುಳ. "ಬ್ಯಾಟರಿ ಮುಗಿಯೋ ಮುಂಚೆ ಇದೇ ಕೂಗಿ ಹೇಳುತ್ತೆ ಅಂದಿದ್ದ. ಎಲ್ಲಿ ಕೂಗುತ್ತೆ? ತಂದಾಗಿನಿಂದ ಒಂದು ದಿನಾನೂ ಕೂಗಿಲ್ಲ. ಸುಳ್ಳುಬುರುಕ! ಅದಕ್ಕೇ ನಾನೇ ನಿಗಾ ಇಡೋದು."

ಇವತ್ತು ಅಜ್ಜ ಕೈಕಾಲು ತೊಳೆದ. ಹೆಡ್‌ಫೋನನ್ನು ಚಾರ್ಜಿಗೆ ಹಾಕಲಿಲ್ಲ. ಚಾರ್ಜರಿನ ವೈರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೋಲಿನ ಪಕ್ಕಕ್ಕೆ ಇಟ್ಟ.

ಅಮ್ಮ ಎದ್ದಳು. ನಿದ್ದೆ ಸಾಲದೆ ಅವಳ ಕಣ್ಣು ಕೆಂಪಗಿತ್ತು. ಅಜ್ಜ ವಿಷಯ ಹೇಳಿದ್ದೇ ತಡ, ಅವಳು ಗಾಬರಿಯಾಗಿ ಅವನ ಕಿವಿಯ ಹತ್ತಿರ ಬಾಯಿ ತಂದು, "ಅಪ್ಪಾ! ಟೀ ಕುಡೀತೀಯಾ?" ಎಂದು ಅರಚಿದಳು.

"ಯಾಕೆ ಹಾಗೆ ಕಿರುಚ್ತೀಯ? ನಾನೇನು ಆಚೆ ಊರಲ್ಲಿದೀನಾ?"

"ಕಿವಿ ಹೋಯ್ತು ಅಂದ್ಯಲ್ಲ!"

"ಹೋಯ್ತು ಅಂದ್ರೆ ಇಷ್ಟೊಂದು ಹೋಗಿಲ್ಲ!"

ಬೇರೆ ದಿನವಾಗಿದ್ದರೆ ಕಡ್ಡಿ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಅಮ್ಮ ಒಲೆಯ ಮುಂದೆ ಟೀ ಸೋಸುತ್ತಾ, "ಇನ್ನು ಅಪ್ಪನ್ನ ಒಬ್ಬನ್ನೇ ರಸ್ತೆಗೆ ಕಳಿಸೋದು ಹೇಗೆ?" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅದನ್ನು ಅಜ್ಜ ಕೇಳಿಸಿಕೊಂಡ ಅಂತ ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಅಮ್ಮ ಕೆಲಸಕ್ಕೆ ಹೊರಟ ಮೇಲೆ ಅಜ್ಜ ಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತ. ಕಡ್ಡಿ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕೊನೆಗೆ ಬಂದು ಅವನ ಪಕ್ಕದಲ್ಲಿ ಕೂತಳು.

"ಅಜ್ಜ, ಲೈಟ್ ಉರೀತಿರ್ಲಿಲ್ಲ."

"ಆಂ?"

"ಹೆಡ್‌ಫೋನಿನ ಲೈಟು. ಉರೀತಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ಅಮ್ಮ ಮಲಗಿದ್ದಾಗ ನಾನು ಅದರಲ್ಲಿ ಕಾರ್ಟೂನ್ ಕೇಳ್ದೆ. ಎರಡು ದಿನ. ಬ್ಯಾಟರಿ ಖಾಲಿ ಮಾಡಿದ್ದು ನಾನೇ."

ಅಜ್ಜ ಅವಳನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತೆ ಯಾಕೆ ಉರೀತಿದೆ ಅಂದೆ?"

"ಎಲ್ಲರೂ ನೋಡ್ತಿದ್ರು ಅಜ್ಜ."

"ನನ್ನನ್ನೂ ಎಲ್ಲರೂ ನೋಡ್ತಿದ್ರು," ಅಂದ ಅಜ್ಜ, ತುಂಬ ಮೆಲ್ಲಗೆ.

ಕಡ್ಡಿ ತಲೆ ತಗ್ಗಿಸಿದಳು. ಟಪಟಪನೆ ಕಣ್ಣೀರು ಮೊಣಕಾಲ ಮೇಲೆ ಬಿತ್ತು. ಅಜ್ಜ ಮೊಣಕಾಲಿಗೆ ಕೈ ಊರಿ ನರಳುತ್ತಾ ಎದ್ದ. ಒಳಗೆ ಹೋದ. ರಬ್ಬರ್ ಬ್ಯಾಂಡ್ ಬಿಚ್ಚಿದ ಸದ್ದು, ಪ್ಲಗ್ ಚುಚ್ಚಿದ ಸದ್ದು ಕೇಳಿತು. ಆಮೇಲೆ ಒಳಗಿನಿಂದಲೇ ಕೂಗಿದ, "ಹಾಗಾದ್ರೆ ನನ್ನ ಕಿವಿಗೇನೂ ಆಗಿಲ್ಲ, ಕಲ್ಲುಗುಂಡು! ಕೇಳಿಸ್ತಾ ಕಡ್ಡಿ? ಕಲ್ಲುಗುಂಡು!"

ಊಟದ ಹೊತ್ತಿಗೆ ಲೈಟು ಹಸಿರಾಗಿರಲಿಲ್ಲ, ಹಳದಿಯಲ್ಲೇ ಇತ್ತು. ಅಜ್ಜ ತನ್ನ ನಿಯಮ ಬಿಡಲಿಲ್ಲ, ಪ್ಲಗ್ ತೆಗೆದೇಬಿಟ್ಟ. "ಉಂಗುರ ಹುಡುಕೋಕೆ ಅರ್ಧ ಹೊಟ್ಟೆ ಸಾಕು," ಅಂದ.

ಮಾರನೇ ದಿನ ಶನಿವಾರ, ಅರ್ಧ ದಿನದ ಸ್ಕೂಲು. ಮಕ್ಕಳೆಲ್ಲ ಹೋದ ಮೇಲೆ ಗುಂಡಿಯ ಹತ್ತಿರ ಉಳಿದದ್ದು ಪಿ.ಟಿ. ಸರ್, ಅಜ್ಜ, ಕಡ್ಡಿ. "ಸರ್, ನಿನ್ನೆ ಹೆಡ್‌ಫೋನ್ ಖಾಲಿ ಇತ್ತು. ನಾನೇ ಖಾಲಿ ಮಾಡಿದ್ದೆ," ಎಂದು ಕಡ್ಡಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸರ್ "ಸರಿ ಬಿಡು" ಅಂದರು. ಅವರ ಗಮನವೆಲ್ಲ ಮರಳಿನ ಮೇಲೆ.

ಅಜ್ಜ ಬೀಗದ ಕೈ ಹಾಕಿ ಕೋಲು ಆಡಿಸಿದ. ಅವನ ಮುಖ ಅರಳಿತು. ಆಮೇಲೆ ಕೆಲಸ ಶುರು. ಮೊದಲು ತುಕ್ಕು ಹಿಡಿದ ಮೊಳೆ ಬಂತು. ಸೋಡಾ ಬಾಟಲಿನ ಮುಚ್ಚಳ ಬಂತು. ಯಾರದೋ ಶಾರ್ಪನರಿನ ಬ್ಲೇಡ್ ಬಂತು. ಬೆವರು ಅಜ್ಜನ ಗಲ್ಲದಿಂದ ತೊಟ್ಟಿಕ್ಕಿತು. ಸರ್ ಎರಡು ಸಲ ಕೂತು ಎದ್ದರು. ಗುಂಡಿಯ ಮೂಲೆಗೆ ಬಂದಾಗ ಅಜ್ಜ ತಟ್ಟನೆ ನಿಂತು, ಬಗ್ಗಿ, ಮರಳಿಗೆ ಮೊಣಕೈಯವರೆಗೆ ಕೈ ಇಳಿಸಿದ. ಮುಷ್ಟಿ ತೆರೆದಾಗ ಉಂಗುರ ಅಲ್ಲಿತ್ತು.

ಸರ್ ಅಜ್ಜನ ಎರಡೂ ಕೈ ಹಿಡಿದು ಅಲುಗಾಡಿಸಿದರು. ಆಮೇಲೆ ಫೋನ್ ತೆಗೆದು ಹೆಂಡತಿಗೆ ಹೇಳಲು ಓಡಿದರು.

ಅಜ್ಜನಿಗೆ ಈಗ ಹೊಸ ಹುರುಪು. "ಬಾ, ನೀನೂ ಕೇಳು," ಎಂದು ಗುಂಡಿಯ ಅಂಚಿನಲ್ಲಿ ಕೂತು ಕಡ್ಡಿಯನ್ನು ಹತ್ತಿರ ಎಳೆದುಕೊಂಡ. ಹೆಡ್‌ಫೋನಿನ ಒಂದು ಬದಿ ಅವನ ಕಿವಿಗೆ, ಇನ್ನೊಂದು ಬದಿ ಅವಳ ಕಿವಿಗೆ. ಇಬ್ಬರ ತಲೆಗಳೂ ಅಂಟಿಕೊಂಡವು. ಅಜ್ಜ ಕೂತಲ್ಲಿಂದಲೇ ಕೋಲು ಆಡಿಸಿದ.

'ಗುಂಯ್.'

"ಕೇಳಿಸ್ತಾ?"

"ಹೂಂ! ಕೇಳಿಸ್ತು!"

"ಅದು ಕಬ್ಬಿಣ. ಒರಟು ದನಿ. ಇರು, ಇನ್ನೊಂದು ಕೇಳಿಸ್ತೀನಿ."

ಆಗ ಅದು ಬಂತು. 'ಕೀಂ, ಕೀಂ.' ದಾರದಷ್ಟು ಸಣ್ಣ ಸದ್ದು. ಕಾರ್ಟೂನಿನ ಇಲಿಯ ಸದ್ದು. ಇಲ್ಲಿ ಯಾವ ಕಾರ್ಟೂನೂ ಇರಲಿಲ್ಲ.

ಕಡ್ಡಿ ಅಜ್ಜನ ಮುಖ ನೋಡಿದಳು. ಅವನು ಕಣ್ಣು ಅರ್ಧ ಮುಚ್ಚಿ, ನೆಲವನ್ನು ಆಲಿಸುತ್ತಾ ನಗುತ್ತಿದ್ದ. 'ಕೀಂ, ಕೀಂ, ಕೀಂ.' ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

ಕಡ್ಡಿ ಅಜ್ಜನ ಅಂಗಿಯ ತುದಿ ಹಿಡಿದು ಎಳೆದಳು.

"ಅಜ್ಜ, ನಂಗೆ ಸುಸ್ತಾಯ್ತು. ಮನೆಗೆ ಹೋಗೋಣ."

"ಇಷ್ಟಕ್ಕೇನಾ? ಈಗಿನ ಮಕ್ಕಳಿಗೆ ಬ್ಯಾಟರಿನೇ ಇಲ್ಲ!" ಅಜ್ಜ ಬೈಯುತ್ತಲೇ ಹೆಡ್‌ಫೋನ್ ತೆಗೆದು ಸ್ವಿಚ್ ಆಫ್ ಮಾಡಿದ. "ಇದನ್ನು ನೋಡಿ ಕಲಿ. ಅರ್ಧ ಹೊಟ್ಟೇಲಿ ಎಷ್ಟು ದುಡೀತು! ಇವತ್ತೂ ಕೂಗ್ಲಿಲ್ಲ, ನೋಡ್ದಾ?"

"ಹೂಂ ಅಜ್ಜ," ಅಂದಳು ಕಡ್ಡಿ. ಕೋಲನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ಅದು ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು.

ಗೇಟು ದಾಟಿ ರಸ್ತೆಗೆ ಬಂದರು. ಅಜ್ಜ ಉಂಗುರದ ಕತೆಯನ್ನು ಅಮ್ಮನಿಗೆ ಹೇಗೆ ಹೇಳಬೇಕೆಂದು ಈಗಿನಿಂದಲೇ ಹೇಳಿಕೊಳ್ಳುತ್ತಾ ನಡೆದ. ಹಿಂದಿನಿಂದ ಸೈಕಲ್ಲಿನ ಬೆಲ್ಲು ಕಿಣಿಕಿಣಿ ಎಂದಿತು. ಅಜ್ಜ ಮಾತು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

ಕಡ್ಡಿ ಅವನ ಕೈ ಹಿಡಿದು ಬದಿಗೆ ಎಳೆದುಕೊಂಡಳು. ಸೈಕಲ್ಲು ಮುಂದೆ ಹೋಯಿತು. ಅವಳು ಕೈ ಬಿಡಲಿಲ್ಲ.