ಮರಕ್ಕೆ ಒಂದು ಜೋಡಿ ಕಾಲು

"ಬಿಡ್ಬೇಡ ಮಗಾ. ಮೊದಲ್ನೇ ಹಿಮ ಬಿದ್ದು ಮೂರು ದಿನ ಕರಗ್ದೆ ಕೂತ್ಕೊಳ್ಳೋವರೆಗೂ ಆ ಹುಲ್ಲಿಗೆ ಈ ಊರಲ್ಲಿ ಯಾರೂ ಕುದುರೆ ಬಿಡಲ್ಲ."

ಗೇಟಿನ ಪಕ್ಕ ಮೂರು ಕಾಲಿನ ಸ್ಟೂಲಿನ ಮೇಲೆ ಕೂತಿದ್ದ ಪೌನಾ ಅಜ್ಜಿ ಹೇಳಿದ್ದು ಇಷ್ಟೇ. ಅವಳ ಕಾಲೆರಡೂ ಕಪ್ಪು ಲಂಗದೊಳಗಿಂದ ಮುಂದಕ್ಕೆ ಚಾಚಿಕೊಂಡಿದ್ದವು, ಮಡಿಸಲು ಬಾರದ ಎರಡು ಕೊರಡುಗಳು. ಮಗ್ಗುಲಲ್ಲಿ ಎರಡು ಊರುಗೋಲು. ಗೇಟಿಗೆ ಕೆಂಪು ಉಣ್ಣೆಯ ದಾರವನ್ನು ಏಳು ಸುತ್ತು ಸುತ್ತಿ ಕಟ್ಟಿತ್ತು.

ವುಕೊಮಾನ್ ಮೂರು ಕುದುರೆಗಳ ಲಗಾಮು ಹಿಡಿದು ನಿಂತಿದ್ದ. ಐವತ್ತೇಳು ವರ್ಷದ ಗಂಡಸು. ಟ್ರ್ಯಾಕ್ಟರ್ ಹತ್ತದ ಕಡಿದಾದ ಕಾಡುಗಳಲ್ಲಿ ಬೀಚ್ ಮರದ ದಿಮ್ಮಿಗಳನ್ನು ಕುದುರೆ ಕಟ್ಟಿ ಎಳೆಸುವುದೇ ಅವನ ಜನ್ಮದ ಕೆಲಸ. ಸರ್ಬಿಯಾದ ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಈ ಹೊಮೋಲ್ಯೆಗೆ ಬಂದು ಎಂಟು ದಿನವಾಗಿತ್ತು. ಎಂಟು ದಿನವೂ ಕೆಳಗಿನ ಹಳ್ಳಿಯಿಂದ ಹುಲ್ಲು ಹೊತ್ತು ತಂದು ಅವನ ಬೆನ್ನು ಬಿದ್ದುಹೋಗಿತ್ತು. ಇಲ್ಲಿ ನೋಡಿದರೆ ಹುಲ್ಲು ಮೊಣಕಾಲುದ್ದ ನಿಂತು ಗಾಳಿಗೆ ಓಲಾಡುತ್ತಿತ್ತು. ಹುಲ್ಲಿನ ನಡುವೆ ಒಂದೇ ಒಂದು ಯಾವೋರ್ ಮರ. ಮೂವರು ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ, ಹಳದಿ ತಿರುಗಿದ ಅಗಲ ಎಲೆ.

"ಇಂಥ ಹುಲ್ಲು ಇಟ್ಕೊಂಡು ನೀವು ಬರೀ ನೋಡ್ತಾ ಕೂತಿರ್ತೀರಾ ಅಜ್ಜಿ?"

"ಆ ಮರಕ್ಕೆ ಮಾಟ ಕಟ್ಟಿದೆ."

"ಬಂತಪ್ಪ! ನಿಮ್ಮ ವ್ಲಾಖ್ ಜನದ ಮಾಟ ಇನ್ನೂ ಬರ್ಲಿಲ್ವಲ್ಲಾ ಅಂತ ಕಾಯ್ತಿದ್ದೆ."

ಪೌನಾ ನಗಲಿಲ್ಲ. ದೋಕಿಯಾ ಎಂಬವಳ ಕತೆ ಹೇಳಿದಳು. ದೋಕಿಯಾಳ ಗಂಡನ ಕಾಲು ಬಿದ್ದುಹೋಗಿತ್ತು. ಅವನನ್ನು ಚರ್ಚಿಗೂ ಗಿರಣಿಗೂ ಹೊತ್ತು ತಿರುಗುತ್ತಿದ್ದದ್ದು ಒಂದೇ ಕುದುರೆ. ಊರಿನ ಯಜಮಾನ ಅದನ್ನು ಕೇಳದೆ ಒಯ್ದು ದಿಮ್ಮಿ ಎಳೆಸಿದ. ಕುದುರೆ ಆ ಮರದಡಿ ಬಂದು ಬಿದ್ದು ಸತ್ತಿತು. ಅಲ್ಲೇ ಹೂತರು. ದೋಕಿಯಾ ಅದರ ಬಾಲದ ಕೂದಲನ್ನು ಏಳು ಗಂಟು ಹಾಕಿ ಬೇರಿಗೆ ಕಟ್ಟಿ ಮಾಟ ಇಟ್ಟಳು. ಎಲೆ ಉದುರುವ ಕಾಲದಲ್ಲಿ ಇಲ್ಲಿ ಮೇಯುವ ಕುದುರೆಯ ಕಾಲು ಮರವಾಗಲಿ. ಅದು ಬದುಕಬೇಕೆಂದರೆ ಆ ಕುದುರೆಯ ಯಜಮಾನ ತನ್ನ ಕಾಲು ಕೊಡಲಿ.

"ಯಜಮಾನನ ಕಾಲಾ?" ವುಕೊಮಾನ್ ಗಹಗಹಿಸಿದ. "ನನ್ನ ಮಂಡಿ ಎರಡೂ ಸವೆದು ಹೋಗಿವೆ. ಕೊಟ್ಟೆ ಅಂತ ಹೇಳಿ ನಿಮ್ಮ ದೋಕಿಯಾಗೆ. ನನಗೂ ಒಂದಿನ ಕೂರೋಕೆ ಸಿಗತ್ತೆ!"

ಅಜ್ಜಿ ಸರಕ್ಕನೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಅಂಥ ಮಾತು ಆಡ್ಬಾರ್ದು. ನಾನು ಹೇಳಿದೀನಿ, ನೀನು ಕೇಳಿದೀಯ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಅವನು ಚಾಕು ತೆಗೆದು ದಾರ ಕಚಕ್ಕೆಂದು ಕೊಯ್ದ. ಉಣ್ಣೆ ಬೆಚ್ಚಗಿತ್ತು, ಗಟ್ಟಿಯಾಗಿತ್ತು. ಯಾಕೆ ಬಿಸಾಡಬೇಕು? ನೋಯುವ ಮಂಡಿಗೆ ಸುತ್ತಿದ್ದ ಕುರಿಚರ್ಮದ ಮೇಲೆ ಅದನ್ನೇ ಬಿಗಿದು ಕಟ್ಟಿಕೊಂಡ. ಬುದ್ಧಿ ಇದ್ದವನು ಮಾಡುವ ಕೆಲಸವೇ ಇದು? ಆದರೆ ದಣಿದವನಿಗೆ ಬುದ್ಧಿ ಹೇಳುವುದೂ ಒಂದೇ, ಬಂಡೆಗೆ ನೀರು ಹೊಯ್ಯುವುದೂ ಒಂದೇ.

ಕಂದು ಬಣ್ಣದ ದೊರಾತ್, ಬೂದು ಬಣ್ಣದ ಸಿವ್ಕೊ, ಕಪ್ಪು ಹೆಣ್ಣು ಕುದುರೆ ವ್ರಾನಾ ಒಳಗೆ ಹೋದವು. ವ್ರಾನಾ ಹುಟ್ಟಿದ ವಾರಕ್ಕೇ ತಾಯಿ ಸತ್ತಿತ್ತು. ವುಕೊಮಾನನ ಹೆಂಡತಿ ಮಿಲೆವಾ ಆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಈಗ ಮಿಲೆವಾ ಇಲ್ಲ, ಮಕ್ಕಳಿಲ್ಲ, ಮನೆ ಬೀಗ ಹಾಕಿದೆ. ಅವಳು ಮುಟ್ಟಿದ್ದರಲ್ಲಿ ಉಸಿರಾಡುವುದೆಂದರೆ ಈ ಕುದುರೆ ಒಂದೇ. ಅದರ ಕುತ್ತಿಗೆಗೆ ಮುಖ ಒತ್ತಿದರೆ ಅವನಿಗೆ ಅಡುಗೆಮನೆಯ ವಾಸನೆ ಬರುತ್ತಿತ್ತು. ಯಾರಿಗೂ ಹೇಳಿಕೊಳ್ಳುವ ಮಾತಲ್ಲ.

ಶನಿವಾರ, ಭಾನುವಾರ ಕೆಲಸವಿರಲಿಲ್ಲ. ಗಾಳಿ ಜೋರಾಯಿತು. ಯಾವೋರ್ ಮರದಿಂದ ಜೋಡಿ ರೆಕ್ಕೆಯ ಬೀಜಗಳು ಗಿರಗಿರನೆ ಸುತ್ತುತ್ತ ಬಿದ್ದವು. ಸಾವಿರ, ಹತ್ತು ಸಾವಿರ. ಹುಲ್ಲಿನಲ್ಲಿ ಚರಚರ ಸದ್ದು. ಕೊಳೆತ ಎಲೆಯ ಸಿಹಿ ನಾತ ಗೇಟಿನ ಬಳಿಯ ಪೌನಾಳ ಗುಡಿಸಲಿನವರೆಗೂ ಬಂತು. ಕುದುರೆಗಳು ತಲೆ ಎತ್ತದೆ ಮೇದವು.

ಸೋಮವಾರ ಬೆಳಿಗ್ಗೆ ದೊರಾತ್ ಗೇಟಿನ ಹತ್ತಿರ ಕಾಲು ಅಗಲಿಸಿ ನಿಂತಿತ್ತು. ಮೈಯೆಲ್ಲ ಬೆವರು, ತೊಡೆ ಕಲ್ಲಿನಂತೆ ಬಿಗಿ. ಉಚ್ಚೆ ಹೊಯ್ದರೆ ಗಟ್ಟಿ ಕಾಫಿಯ ಬಣ್ಣ.

ವುಕೊಮಾನನಿಗೆ ಹೆದರಿಕೆಯಾಗಲಿಲ್ಲ. ದಿಮ್ಮಿ ಎಳೆಸುವ ಯಾವನಿಗೂ ಆಗುತ್ತಿರಲಿಲ್ಲ. ಇದು ಸೋಮವಾರದ ಬೇನೆ. ಭಾನುವಾರ ಕೂತು ಓಟ್ಸ್ ತಿಂದ ಕುದುರೆಗೆ ಸೋಮವಾರ ಮಾಂಸ ಹಿಡಿದುಕೊಳ್ಳುತ್ತದೆ. ಅಪ್ಪ ಕಲಿಸಿದ ಮದ್ದು ಗೊತ್ತೇ ಇದೆ: ಕಂಬಳಿ ಹೊದಿಸು, ಮೆಲ್ಲಗೆ ನಡೆಸು, ಓಟ್ಸ್ ನಿಲ್ಲಿಸು, ಬರೀ ಹುಲ್ಲು ಮೇಯಿಸು.

"ನಡಿಸ್ಬೇಡ ಅದನ್ನ!" ಪೌನಾ ಗೇಟಿನಾಚೆಯಿಂದ ಕೂಗಿದಳು. "ಮಿಕ್ಕಿದ್ದನ್ನಾದ್ರೂ ಹೊರಗೆ ತಗೊಂಡು ಹೋಗು!"

"ನಲವತ್ತು ವರ್ಷದಿಂದ ಕುದುರೆ ಬಾಲ ಹಿಡ್ಕೊಂಡಿದೀನಿ ಅಜ್ಜಿ! ನನಗೆ ಪಾಠ ಹೇಳ್ಬೇಡಿ. ಉಣ್ಣೆ ನೂಲ್ಕೊಂಡಿರಿ ಸುಮ್ನೆ."

ನಡೆಸಿದ. ಒಂದು ಸುತ್ತು. ಎರಡು ಸುತ್ತು. ಮೂರನೆಯ ಸುತ್ತಿಗೆ ದೊರಾತ್ ಮರದಡಿ ಮಂಡಿಯೂರಿ ಪಕ್ಕಕ್ಕೆ ಉರುಳಿತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಅದರ ಕಣ್ಣು ಕೊನೆಯವರೆಗೂ ಅವನನ್ನೇ ನೋಡುತ್ತಿತ್ತು.

ಅವನು ಬೈದದ್ದು ಓಟ್ಸ್ ಚೀಲವನ್ನು. ಉಳಿದೆರಡಕ್ಕೂ ಅಂದೇ ಓಟ್ಸ್ ನಿಲ್ಲಿಸಿದ. ಬರೀ ಹುಲ್ಲೇ ಮೇಯಲಿ ಎಂದು ಎರಡನ್ನೂ ರಾತ್ರಿ ಹಗಲು ಅಲ್ಲೇ ಬಿಟ್ಟ. ಮದ್ದು ಎಂದು ಕೊಟ್ಟದ್ದೇ ಮೃತ್ಯುವಾಯಿತು. ಅವನಿಗೆ ಹೇಗೆ ಗೊತ್ತಾಗಬೇಕು, ಪಾಪ.

ಬುಧವಾರದ ಮಂಜಿನಲ್ಲಿ ಸಿವ್ಕೊ ಬೊಡ್ಡೆಗೆ ಒರಗಿ ನಿಂತಂತೆ ಕಂಡಿತು. ಹತ್ತಿರ ಹೋಗಿ ಮುಟ್ಟಿದ. ತಣ್ಣಗಿತ್ತು. ನಿಂತೇ ಸತ್ತಿತ್ತು. ನಾಲ್ಕು ಕಾಲೂ ನೆಟ್ಟ ಗೂಟಗಳು. ಅದರ ಹಿಂದೆ ವ್ರಾನಾ ನಡುಗುತ್ತ ಮಲಗಿತ್ತು.

ಪೇಟೆಯಿಂದ ಪಶುವೈದ್ಯೆ ಸ್ಲಾವಿತ್ಸಾ ಬರುವಾಗ ಮಧ್ಯಾಹ್ನವಾಯಿತು. ಆಕೆ ವ್ರಾನಾಳ ಕಣ್ಣ ರೆಪ್ಪೆ ಮಗುಚಿ ನೋಡಿದರು, ಸಕ್ಕರೆ ನೀರಿನ ಬಾಟಲಿ ರಕ್ತನಾಳಕ್ಕೆ ಹಚ್ಚಿದರು. ಆಮೇಲೆ ನೆಲದಿಂದ ಒಂದು ಹಿಡಿ ಬೀಜ ಎತ್ತಿದರು.

"ಸೋಮವಾರದ ಬೇನೆ ಅಲ್ಲ ಇದು. ಈ ಬೀಜ. ಇದರಲ್ಲಿರೋ ವಿಷ ಕುದುರೆ ಮಾಂಸಖಂಡಾನೇ ಕರಗಿಸಿಬಿಡತ್ತೆ. ಹೃದಯದ ಮಾಂಸಾನೂ ಬಿಡಲ್ಲ."

"ಮದ್ದು?"

"ಇದಕ್ಕೇ ಅಂತ ಮದ್ದಿಲ್ಲ. ಬೆಚ್ಚಗಿಡಿ, ಅಲುಗಾಡಿಸ್ಬೇಡಿ. ಹತ್ತರಲ್ಲಿ ಎರಡೋ ಮೂರೋ ಉಳೀತವೆ." ಆಕೆ ತಲೆ ತಗ್ಗಿಸಿದರು. "ಮೊದಲನೇದು ಬಿದ್ದಾಗಲೇ ಉಳಿದಿದ್ದನ್ನ ಆಚೆ ಹಾಕಿದ್ರೆ ಚೆನ್ನಾಗಿತ್ತು."

ಡಾಕ್ಟರು ಸಂಜೆ ಮತ್ತೆ ಬರುತ್ತೇನೆಂದು ಹೋದರು. ಬೀಜವೇ ಅಂತೆ, ಮಾಟವಲ್ಲ ಅಂತೆ. ಆದರೆ ದೋಕಿಯಾ ಕೂಡ ಮಾಟವನ್ನು ಯಾವುದಾದರೂ ಸಾಮಾನಿನಿಂದಲೇ ಮಾಡಬೇಕಲ್ಲ?

ಅವನು ತನ್ನ ಕೋಟು, ಕಂಬಳಿ, ಅಂಗಿ ಎಲ್ಲವನ್ನೂ ವ್ರಾನಾಳ ಮೇಲೆ ಹೊದಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಉಸಿರು ಗರಗಸದಂತೆ ಬರುತ್ತಿತ್ತು. ಮಂಜು ಇಳಿಯಿತು. ಮಂಜಿನೊಳಗಿಂದ ಟಕ್, ಟಕ್ ಎಂದು ಊರುಗೋಲಿನ ಸದ್ದು. ಪೌನಾ ಬಿಗಿದ ಕಾಲುಗಳನ್ನು ಎಳೆಯುತ್ತ ಬಂದು ಎದುರಿಗೆ ನಿಂತಳು.

"ನಾನು ಹೇಳಿದ್ದೆ," ಅಂದಳು.

"ಹೇಳಿದ್ರಿ ಅಜ್ಜಿ. ನನ್ನದೇ ತಪ್ಪು. ಇವಳನ್ನ ಉಳಿಸೋಕಾಗತ್ತಾ?"

"ಬೆಲೆ ನಿನಗೆ ಗೊತ್ತು. ಬಿಟ್ಟು ಹೋಗ್ತೀಯಾದ್ರೆ ಹೋಗು, ಯಾರೂ ಏನೂ ಅನ್ನಲ್ಲ. ಎಲ್ರೂ ಬಿಟ್ಟೇ ಹೋಗಿದಾರೆ. ಕುದುರೆಗೆ ಅಂತ ಕಾಲು ಕೊಡೋರು ಯಾರಿದಾರೆ?"

ಅವನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲಿಲ್ಲದ ಬದುಕು ಅವನ ಕಣ್ಣೆದುರು ಬಂತು. ಹಿಂದೆಯೇ ಮಿಲೆವಾ ಬಂದಳು, ಕೈಯಲ್ಲಿ ಹಾಲಿನ ಬಾಟಲಿ, ಒದೆಯುವ ಮರಿಯನ್ನು ಬೈಯುತ್ತ ನಗುತ್ತ. ಅವನಿಗೆ ತುಂಬ ಸುಸ್ತಾಗಿತ್ತು. ಇನ್ನೊಂದು ಸಾವು ನೋಡುವ ಶಕ್ತಿ ಇರಲಿಲ್ಲ.

"ಏನು ಮಾಡ್ಬೇಕು ಹೇಳಿ."

"ಮಂಡಿಯಿಂದ ಆ ದಾರ ಬಿಚ್ಚು. ಒಂದು ತುದಿ ಅವಳ ಕಾಲಿಗೆ, ಒಂದು ತುದಿ ಬೇರಿಗೆ. ಮೂರು ಸಲ 'ಕೊಟ್ಟೆ' ಅನ್ಬೇಕು. ಒಂದ್ಸಲ ಗೇಟಲ್ಲೇ ಅಂದಿದೀಯ. ಇನ್ನೆರಡು ಸಾಕು."

ಬಿಚ್ಚಿದ. ಕಟ್ಟಿದ. ಬೇರಿನಡಿ ಕೈಹಾಕಿದಾಗ ಬೆರಳಿಗೆ ಏನೋ ತಾಗಿತು. ಒರಟು ಕೂದಲು. ಗಂಟು. ಇನ್ನೊಂದು ಗಂಟು. ಎಣಿಸುವ ಧೈರ್ಯವಾಗಲಿಲ್ಲ.

"ಕೊಟ್ಟೆ."

ಗಾಳಿ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ. ಪೌನಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನೀವ್ಯಾಕೆ ಅಳ್ತೀರಾ ಅಜ್ಜಿ?"

"ಮೂವತ್ತೊಂದು ವರ್ಷ ಆಯ್ತು ಮಗಾ. ಹೇಳಿ ಮುಗಿಸು."

"ಕೊಟ್ಟೆ."

ಮಣ್ಣಿನೊಳಗೆ ಗೊರಸಿನ ಸದ್ದು. ಒಂದೇ ಕುದುರೆ. ಬಹಳ ಆಳದಲ್ಲಿ. ಹತ್ತಿರ ಬಂತು. ಇನ್ನೂ ಹತ್ತಿರ. ದಾರ ಬಿಗಿಯಿತು. ಹಸಿ ಮಣ್ಣಿನ, ಹಳೆ ಚರ್ಮದ ನಾತ ಮೂಗಿಗೆ ಅಡರಿತು. ಅವನ ಹಿಮ್ಮಡಿ ತಣ್ಣಗಾಯಿತು. ಮೀನಖಂಡ ತಣ್ಣಗಾಯಿತು. ತಣುಪು ಮಂಡಿಗೆ ಬಂತು. ಮಂಡಿ ದಾಟಿತು. ವ್ರಾನಾ ಒಮ್ಮೆ ನರಳಿತು. ಮುಂಗಾಲು ಚಾಚಿತು. ಎದ್ದಿತು. ಎದ್ದು ನಿಂತಿತು! ಮೈ ಕೊಡವಿತು. ಹೊಯ್ದ ಉಚ್ಚೆ ತಿಳಿಯಾಗಿತ್ತು.

ಅವನು ಅಳುತ್ತ ನಗುತ್ತ ಅದರ ಕುತ್ತಿಗೆ ಹಿಡಿದು ಏಳಲು ಹೋದ. ಏಳಲಾಗಲಿಲ್ಲ. ಕಾಲು ಬಾಗಲಿಲ್ಲ. ತೊಡೆಗೆ ಗುದ್ದಿದರೆ ಟೊಕ್ ಎಂದು ಮರದ ಸದ್ದು ಬಂತು.

ಎದುರಿಗೆ ಎರಡು ಊರುಗೋಲು ಬಿದ್ದವು. ತಲೆಯೆತ್ತಿದರೆ ಪೌನಾ ತನ್ನ ಕಾಲ ಮೇಲೆ ನಿಂತಿದ್ದಳು. ಒಂದು ಮಂಡಿ ಮಡಿಸಿದಳು. ಇನ್ನೊಂದು ಮಡಿಸಿದಳು. ಆಗಷ್ಟೇ ಹುಟ್ಟಿದ ಕರುವಿನಂತೆ ತಡವರಿಸುತ್ತ ನಾಲ್ಕು ಹೆಜ್ಜೆ ಇಟ್ಟಳು.

"ಮರಕ್ಕೆ ಒಂದೇ ಜೋಡಿ ಸಾಕು," ಅಂದಳು. "ಹೊಸದು ಬಂದ್ರೆ ಹಳೇದು ಬಿಡತ್ತೆ. ಬಂದೋರಿಗೆಲ್ಲ ಎಚ್ಚರಿಕೆ ಹೇಳ್ಲೇಬೇಕು, ಅದು ದೋಕಿಯಾ ಇಟ್ಟ ಕಟ್ಟು. ನಾನು ನಿನಗೆ ಸುಳ್ಳು ಹೇಳಿಲ್ಲ ಮಗಾ. ಇದೊಂದನ್ನ ಹೇಳ್ಲಿಲ್ಲ, ಅಷ್ಟೇ."

"ನಿಮ್ಮ ಕುದುರೆ ಏನಾಯ್ತು?"

"ಹನ್ನೆರಡು ವರ್ಷ ಬದುಕಿತ್ತು. ಬೇರೆಯೋರ ಹತ್ರ. ಕಾಲಿಲ್ದೋಳು ಕುದುರೆ ಇಟ್ಕೊಂಡು ಏನು ಮಾಡ್ತಾಳೆ?" ಅವಳು ಕಣ್ಣೊರೆಸಿಕೊಂಡು ಇಳಿಜಾರಿನಲ್ಲಿ ನಡೆದಳು. ಮಂಜಿನೊಳಗೆ ಅವಳ ಹೆಜ್ಜೆ ಚುರುಕಾದದ್ದು ಕೇಳಿಸಿತು. ಕೊನೆಗೆ ಓಡಿದಳು.

ಸಂಜೆ ಬಂದ ಡಾಕ್ಟರು ಕುದುರೆಯನ್ನು ನೋಡಿ ಹಿಗ್ಗಿದರು, ಅವನ ಕಾಲು ನೋಡಿ ಚಳಿಗೆ ನರ ಹಿಡಿದಿದೆ ಅಂದರು. ಆಸ್ಪತ್ರೆಯವರು ಎರಡು ವಾರ ಇಟ್ಟುಕೊಂಡರು; ಅಷ್ಟೂ ದಿನ ತಣುಪು ಎದೆಗೆ ಏರುತ್ತಲೇ ಇತ್ತು, ಕಾರಣ ಸಿಗದೆ ಕಳಿಸಿದರು. ಅವನು ಹೋಗುವುದಾದರೂ ಎಲ್ಲಿಗೆ? ಗೇಟಿನಿಂದ ನೂರು ಹೆಜ್ಜೆ ದೂರವಾದರೆ ಅದೇ ತಣುಪು ಮತ್ತೆ ಏರುತ್ತಿತ್ತು. ಪೌನಾಳ ಗುಡಿಸಲು ಖಾಲಿ ಇತ್ತು, ಸ್ಟೂಲೂ ಅಲ್ಲೇ ಇತ್ತು. ಊರವರು ದಿನಾ ಜೋಳದ ಮುದ್ದೆ ತಂದಿಟ್ಟು, ಅವನ ಮುಖ ನೋಡದೆ ಹೋಗುತ್ತಿದ್ದರು. ವ್ರಾನಾಳನ್ನು ಹೊರಗಿನಿಂದ ದಿಮ್ಮಿ ಕೆಲಸಕ್ಕೆ ಬಂದಿದ್ದ ನೆಗೊಸಾವ್ ಎಂಬವನು ದುಡ್ಡು ಕೊಟ್ಟು ಕೊಂಡು ಒಯ್ದ. ದಿನಕ್ಕೆ ಎರಡು ಸಲ ಅದು ಆ ದಾರಿಯಲ್ಲೇ ಹೋಗುತ್ತಿತ್ತು. ಗೇಟಿನ ಹತ್ತಿರ ಬಂದಾಗ ತಾನಾಗಿ ನಿಂತು ಅವನ ಹೆಗಲ ಮೇಲೆ ಮೂತಿಯಿಡುತ್ತಿತ್ತು. ಅವನ ದಿನವೆಂದರೆ ಆ ಎರಡು ಗಳಿಗೆ.

ಮರುವರ್ಷ ಎಲೆ ಉದುರತೊಡಗಿತು. ಒಂದು ಸಂಜೆ ನೆಗೊಸಾವ್ ಗೇಟಿನ ಮುಂದೆ ನಿಂತ. "ಸುಸ್ತಾಗಿದೆ ಕಣಣ್ಣಾ ಇವಳಿಗೆ. ಒಂದೆರಡು ದಿನ ಇಲ್ಲೇ ಮೇಯ್ಲಿ."

"ಬೇಡ. ಹಿಮ ಬಿದ್ದು ಮೂರು ದಿನ ಕೂರೋವರೆಗೂ ಇಲ್ಲಿ ಕುದುರೆ ಬಿಡ್ಬಾರ್ದು. ಮಾಟ ಇದೆ. ಕುದುರೆ ಕಾಲು, ಇಲ್ಲಾ ಯಜಮಾನನ ಕಾಲು."

"ಹೋಗಣ್ಣಾ, ನೀನೂ ವ್ಲಾಖನಾಗ್ಬಿಟ್ಟೆ!" ನೆಗೊಸಾವ್ ನಕ್ಕ. ನಗುತ್ತಲೇ ಜೇಬಿನಿಂದ ಸೇಬು ತೆಗೆದು ವ್ರಾನಾಳ ಬಾಯಿಗೆ ಹಿಡಿದ, ಇನ್ನೊಂದು ಕೈಯಿಂದ ಅದರ ಕಿವಿಯ ಹಿಂದೆ ಕೆರೆದ. ಒಳ್ಳೆಯವನು. ಕುದುರೆ ಬಿದ್ದರೆ ಕಾಲು ಕೊಡುವ ಜಾತಿ.

ವುಕೊಮಾನ್ ಅದನ್ನು ನೋಡಿದ. ಎಚ್ಚರಿಕೆ ಹೇಳಿ ಆಗಿದೆ, ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾಲ್ಕು ದಿನದಲ್ಲಿ ಕಾಲು ವಾಪಸ್ಸು. ಪೌನಾ ಓಡಿದ ಹಾಗೆ ಓಡಬಹುದು. ಗೇಟಿಗೆ ಮತ್ತೆ ಸುತ್ತಿ ಕಟ್ಟಿದ್ದ ಉಣ್ಣೆಯ ದಾರಕ್ಕೆ ನೆಗೊಸಾವ್ ಚಾಕು ಹಚ್ಚಿದ. ವ್ರಾನಾ ಎಂದಿನಂತೆ ಬಂದು ವುಕೊಮಾನನ ಹೆಗಲ ಮೇಲೆ ಮೂತಿಯಿಟ್ಟಿತು. ಬಿಸಿ ಉಸಿರು. ಅಡುಗೆಮನೆಯ ವಾಸನೆ.

ಅವನು ಊರುಗೋಲು ಎತ್ತಿ ಅದರ ಮೂತಿಗೆ ಬಲವಾಗಿ ಬಾರಿಸಿದ. ಮತ್ತೊಮ್ಮೆ ಬಾರಿಸಿದ. ಜನ್ಮದಲ್ಲಿ ಅದರ ಮೇಲೆ ಕೈ ಮಾಡಿದವನಲ್ಲ. ವ್ರಾನಾ ಕಿರುಚಿ ಹಿಂಗಾಲ ಮೇಲೆ ಎದ್ದು, ಲಗಾಮು ಕಿತ್ತುಕೊಂಡು ಇಳಿಜಾರಿನಲ್ಲಿ ಓಡಿತು.

"ತಲೆ ಕೆಟ್ಟಿದ್ಯಾ ನಿಂಗೆ, ಮುದಿಯಾ!" ನೆಗೊಸಾವ್ ಬೈಯುತ್ತ ಅದರ ಹಿಂದೆ ಓಡಿದ.

ಅಂದಿನಿಂದ ವ್ರಾನಾ ಆ ಗೇಟಿನ ಹತ್ತಿರ ನಿಲ್ಲುವುದಿಲ್ಲ. ದಿಮ್ಮಿ ಎಷ್ಟೇ ಭಾರವಿರಲಿ, ಕಿವಿ ಹಿಂದಕ್ಕೆ ಒತ್ತಿ, ದಾರಿಯ ಆಚೆ ಅಂಚಿನಲ್ಲಿ ದಾಟಿ ಹೋಗುತ್ತದೆ. ನೆಗೊಸಾವ್ ಅರ್ಧ ಕೊಯ್ದು ಬಿಟ್ಟ ದಾರಕ್ಕೆ ಹೊಸ ಗಂಟು ಹಾಕಿ ವುಕೊಮಾನ್ ಸ್ಟೂಲಿನ ಮೇಲೆ ಕೂತಿದ್ದಾನೆ.