ಆಕಿನ್ನ ಬಿಟ್ಟು ಮೂರು ವರ್ಷಾತು

“ರೀ, ಇಲ್ಲಿ ಕುಡಿಯೋರ ಮೀಟಿಂಗ್ ಎಲ್ಲಿ ನಡೀತೈತ್ರಿ?”

ಕೇಳಿದ ಮೇಲೆ ಕ್ರಾಂತಿ ನಾಲಿಗೆ ಕಚ್ಚಿಕೊಂಡಳು. ಭಾನುವಾರದ ಬೆಳಗು, ಕೂಡ್ಲಿಗಿಯ ನಟ್ಟನಡು ರಸ್ತೆ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಅಪ್ಪ ದುರುಗಪ್ಪ!

ಮೆಟ್ಟಿಲ ಬಳಿ ಹಾಲಿನ ಪಾಕೀಟು ಹಿಡಿದಿದ್ದ ಯುವಕ ಅವಳನ್ನೊಮ್ಮೆ, ಎದುರಿನ ಬಾರನ್ನೊಮ್ಮೆ ನೋಡಿದ.

“ಕುಡಿಯೋರದು ಎದುರಿಗೈತ್ರಿ ಮೇಡಂ, ದಿನಾ ನಡೀತೈತಿ. ಕುಡಿಯದವರದು ಮ್ಯಾಲೆ, ವಾರಕ್ಕೊಂದು ಸಲ.”

“ನಮ್ಮ ಸಂಕಟ ನಿಮಗ ತಮಾಷಿನಾ?!” ಅವಳ ಕಣ್ಣು ತುಂಬಿ ಬಂತು.

ಯುವಕನ ನಗು ಇಳಿಯಿತು. “ತಪ್ಪಾತ್ರಿ...” ಎಂದವನೇ ದುರುಗಪ್ಪನ ಕೈ ಹಿಡಿದ. “ಬರ್ರಿ ಯಜಮಾನ್ರ, ಮೊದಲು ಚಾ ಕುಡಿಯೋಣು. ಇಲ್ಲಿ ಕುಡಿಯೋದು ಅಂದ್ರ ಅದೊಂದೇ!”

ಎಷ್ಟೋ ದಿನದಿಂದ ಯಾರ ಮಾತಿಗೂ ನಗದ ಅಪ್ಪ... ನಕ್ಕುಬಿಟ್ಟ!

ಕ್ರಾಂತಿ ಕೊಟ್ಟೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಲಿವರ್ ಕೆಡುತ್ತಿದೆಯೆನ್ನುವ ಅಪ್ಪನ ರಕ್ತಪರೀಕ್ಷೆಯ ವರದಿಯನ್ನು ತಾನೇ ಟೈಪ್ ಮಾಡುವಾಗ ಅವಳ ಬೆರಳು ನಿಂತುಹೋಗಿತ್ತು. ಅದೇ ದಿನ ಗೋಡೆಗೆ ಅಂಟಿಸಿದ್ದ ಚೀಟಿಯೊಂದರ ನಂಬರಿಗೆ ಫೋನ್ ಮಾಡಿದ್ದಳು. ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಕೂಡುವ ಸಂಘ. ಅವರಿಗೊಂದು ಕೋಣೆ, ಮನೆಯವರಿಗೆ ಹೊರಗಿನ ಪಡಸಾಲೆ.

ಆ ಯುವಕ ಪ್ರಬುದ್ಧ, ತಂಬ್ರಹಳ್ಳಿ ಕಡೆಯ ಮೇಷ್ಟ್ರು. ಚಹಾ ಕಾಸುವುದು, ಕುರ್ಚಿ ಹಾಕುವುದು ಎಲ್ಲ ಅವನದೇ. ‘ಪುಣ್ಯಾತ್ಮ, ಸೇವೆಗೆ ಬರುತ್ತಾನೆ’ ಎಂದುಕೊಂಡಳು ಕ್ರಾಂತಿ. ಪಡಸಾಲೆಯಲ್ಲಿ ಯಾರಾದರೂ ಮುಖ ಬಾಡಿಸಿ ಕೂತರೆ ಬಸ್ ಕಂಡಕ್ಟರನ ಗಂಟಲಿನಲ್ಲಿ ಕೂಗುತ್ತಿದ್ದ: “ಅಳೋರು ಮುಂದ ಬರ್ರಿ, ಮುಂದ ಬರ್ರಿ! ಹಿಂದ ಸೀಟಿಲ್ಲ! ರೈಟ್ ರೈಟ್!”

ವಾರಗಳು ಉರುಳಿದವು. ಒಂದು ಬೆಳಗ್ಗೆ ಮನೆಯಲ್ಲಿ ಬುದ್ಧನ ಪಟದ ಮುಂದೆ ಅಪ್ಪ ಕೈ ಮುಗಿದು ನಿಂತಿದ್ದ. “ಪಂಚಶೀಲದಾಗ ನಾಲ್ಕು ಪಾಸಾಗಿದ್ದೆ ತಂದಿ. ಮದ್ಯ ಮುಟ್ಟಬಾರದು ಅನ್ನೋ ಐದನೇದಕ್ಕ ಈಗ ಸಪ್ಲಿಮೆಂಟರಿ ಬರಿಯಾಕ ಹತ್ತೀನಿ...”

ಅವ್ವ ಕನಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕ್ರಾಂತಿಗೆ ನೆನಪಾದದ್ದು ಪ್ರಬುದ್ಧನ ಮುಖ. ಕೃತಜ್ಞತೆಯೋ... ಇನ್ನೇನೋ?

ಮುಂದಿನ ಭಾನುವಾರ ನೀರಿನ ಬಿಂದಿಗೆ ಇಡಲು ಹೋದವಳಿಗೆ ಕೋಣೆಯ ಒಳಗಿನಿಂದ ಪ್ರಬುದ್ಧನ ದನಿ ಕೇಳಿಸಿತು.

“ಆಕಿನ್ನ ಬಿಟ್ಟು ಮೂರು ವರ್ಷಾತು. ಆದ್ರೂ ಸಂಜಿ ಆದ್ರ ಸಾಕು, ಆಕಿ ನೆನಪಾಗ್ತಾಳ. ಕರದಂಗ ಆಗತೈತಿ...”

ಬಿಂದಿಗೆಯನ್ನು ಬಾಗಿಲಲ್ಲೇ ಇಟ್ಟು ಕ್ರಾಂತಿ ಹಿಂದೆ ಸರಿದಳು. ಯಾರು ಆಕಿ? ಹೆಂಡತಿಯಾ? ಬಿಟ್ಟುಬಂದವನಾ ಇವನು?!

ಎರಡು ಭಾನುವಾರ ಅವಳು ಕೂಡ್ಲಿಗಿಗೆ ಹೋಗಲಿಲ್ಲ. ಮೂರನೆಯ ವಾರ ಅಪ್ಪ ಬಿಡಲಿಲ್ಲ. “ಯಾಕವ್ವಾ? ಆ ಹುಡುಗ ಏನಾರ ಅಂದ್ನೇನು?”

“ಅವರಿಗೆ ಯಾವಾಕಿನೋ ಅದಾಳಂತಲ್ಲಪ್ಪಾ! ಆಕಿ ನೆನಪಾಗ್ತಾಳ ಅಂತಿದ್ರು.”

ದುರುಗಪ್ಪ ಹೊಟ್ಟೆ ಹಿಡಿದು ನಕ್ಕ. “ಆಕಿ ನಮಗೆಲ್ಲಾ ಗೊತ್ತವ್ವಾ! ಆದ್ರ ಒಳಗ ಆಡಿದ್ದು ಹೊರಗ ಹೇಳಂಗಿಲ್ಲ, ನಮ್ಮ ನಿಯಮ ಅದು. ನೀನೇ ಹೋಗಿ ಕೇಳು.”

ಹೋದಳು. ಪ್ರಬುದ್ಧ ಒಬ್ಬನೇ ಲೋಟ ತೊಳೆಯುತ್ತಿದ್ದ.

“ಆಕಿ ಯಾರು?”

“ಯಾವಾಕಿ ರೀ?”

“ಮೂರು ವರ್ಷದ ಹಿಂದ ನೀವು ಬಿಟ್ಟಾಕಿ! ಸಂಜಿ ಸಂಜಿ ನೆನಪಾಗಾಕಿ!”

ಅವನು ಲೋಟ ಕೆಳಗಿಟ್ಟ. “ಬಾಟ್ಲಿ ರೀ... ಒಳಗ ನಾವು ಎಣ್ಣಿಗೆ ‘ಆಕಿ’ ಅಂತೀವಿ. ಹೆಸರು ಹಿಡಿದ್ರ ಎದ್ದು ಬಂದಾಳು ಅಂತ.”

ಕ್ರಾಂತಿಗೆ ನಗು ಉಕ್ಕಿ ಬಂತು... ಅರ್ಧಕ್ಕೇ ನಿಂತಿತು. “ಅಂದ್ರ... ನೀವೂ?”

“ಹೌದ್ರಿ. ನಾನೂ ಕುಡುಕನೇ. ಈಗ ಕುಡಿಯದ ಕುಡುಕ. ನಿಮ್ಮ ಮ್ಯಾಲೆ ಮನಸಾದ ಮ್ಯಾಲೆ ಹೇಳಾಕ ಅಂಜಿದೆ... ತಪ್ಪಾತು.”

ಮನಸ್ಸು! ಕೇಳಬೇಕೆಂದಿದ್ದ ಮಾತೇ. ಆದರೆ ಕುಡಿಯುವವನಿಗೆ ಕೊರಳೊಡ್ಡುವುದಿಲ್ಲವೆಂದು ಹತ್ತನೇ ತರಗತಿಯಲ್ಲೇ ಆಣೆ ಮಾಡಿದ್ದಳಲ್ಲ! ಬೇರೆ ಹೆಂಗಸಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಈ ‘ಆಕಿ’ಯ ಎದುರು ಅವ್ವ ಇಪ್ಪತ್ತು ವರ್ಷ ಸೋತಿದ್ದಳು...

“ನೀವು ಬ್ಯಾಡ ಅಂದ್ರೂ ನಿಮ್ಮಪ್ಪನ ಕೈ ಬಿಡಂಗಿಲ್ಲ,” ಎಂದ ಪ್ರಬುದ್ಧ ಮೆಲ್ಲಗೆ. “ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ.”

ನಿನ್ನೆ ಅವ್ವನ ಜೊತೆ ಸಂತೆಗೆ ಹೋಗಿ ಬದನೆಕಾಯಿ ಆರಿಸುತ್ತಿದ್ದ ಅಪ್ಪ ಕಣ್ಮುಂದೆ ಬಂದ. ಕುಡಿತವನ್ನೇ ಅರಿಯದ ದೊಡ್ಡ ಮನುಷ್ಯ ಯಾರೋ ಬುದ್ಧಿ ಹೇಳಿದ್ದರೆ ಅಪ್ಪ ಕೇಳುತ್ತಿದ್ದನೇ? ಆ ದಾರಿಯ ಕೊನೆ ಕಂಡು ಹಿಂದಿರುಗಿದವನಿಂದಲೇ ಅಪ್ಪನೂ ಹಿಂದಿರುಗಿದ್ದ.

“ಇನ್ನು ಎಂದೂ ಕುಡಿಯಂಗಿಲ್ಲ ಅಂತ ಮಾತು ಕೊಡ್ತೀರಾ?”

“ಇಲ್ರಿ.”

ಅವಳು ಬೆಚ್ಚಿದಳು.

“‘ಎಂದೂ’ ಅನ್ನೋದು ಬಾಳ ದೊಡ್ಡ ಮಾತ್ರಿ. ಇವತ್ತು ಕುಡಿಯಂಗಿಲ್ಲ. ಇಷ್ಟು ಖರೇ.”

“ನಾಳಿ?”

“ನಾಳಿ ಕೇಳ್ರಿ, ಹೇಳ್ತೀನಿ.”

“ನಾಡದು?”

“ನಾಡದು ಕೇಳ್ರಿ.”

ಕ್ರಾಂತಿ ತೊಳೆದ ಲೋಟವೊಂದನ್ನು ಸೆರಗಿನಿಂದ ಒರೆಸತೊಡಗಿದಳು. “ದಿನಾ ಕೊಟ್ಟೂರಿಂದ ಬಂದು ಕೇಳಾಕ ಆಗತೈತೇನ್ರಿ? ಒಂದೇ ಮನ್ಯಾಗ ಇದ್ರ... ಎದ್ದ ಕೂಡ್ಲೆ ಕೇಳಬಹುದು.”

ಪ್ರಬುದ್ಧ ತೊಳೆದಿಟ್ಟ ಲೋಟವನ್ನೇ ಎತ್ತಿಕೊಂಡು ಮತ್ತೆ ತೊಳೆಯತೊಡಗಿದ!

“ಏನಾರ ಅನ್ರೀ...”

“ನಿಮ್ಮ ಉಪಕಾರ ಮರಿಯಂಗಿಲ್ಲ ಕ್ರಾಂತಿ...”

“ಇರ್ರಿ, ಅಪ್ಪನ್ನ ಉಳಿಸಿದ್ದಕ್ಕ ಅದು ನಾನು ನಿಮಗ ಹೇಳಬೇಕಾದ ಮಾತು!”